ಸೊನ್ನೆಗೆ ನಿಂತ ಅಳತೆ

ನಮ್ಮ ಆಫೀಸಿನಲ್ಲಿ ಅವಳಿಗೆ ಮೆಣಸಿನಕಾಯಿ ಎಂದು ಹೆಸರಿಟ್ಟವರು ಮ್ಯಾನೇಜರ್. ಹನ್ನೊಂದು ವರ್ಷ ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದವಳಿಗೆ ಸಿಕ್ಕ ಬಿರುದು ಅದೊಂದೇ. ಲ್ಯಾಬಿನಿಂದ ಡಾಕ್ಟರುಗಳಿಗೆ ರಕ್ತಪರೀಕ್ಷೆಯ ರಿಪೋರ್ಟ್ ಕಳಿಸುವ ಪ್ರೋಗ್ರಾಂ ನಮ್ಮದು. ಲಾಗಿನ್ ಆದಮೇಲೆ ಕೀಲಿ ಇಲ್ಲದವರು ಓದಲಾಗದಂತೆ ರಿಪೋರ್ಟಿಗೆ ಬೀಗ ಹಾಕಬೇಕು, ಆಮೇಲೆ ಅದನ್ನು ಸಾಗಿಸಲು ಬರುವಂಥ ಅಕ್ಷರಗಳಾಗಿ ಎನ್‌ಕೋಡ್ ಮಾಡಬೇಕು. ಎರಡನ್ನೂ ಬರೆದವಳು ಅವಳೇ.

ಅವಳ ಅಕ್ಕನಿಗೆ ಒಂದು ಕಾಯಿಲೆ. ಗಂಡನ ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ಡಾಕ್ಟರ ಕಡೆಯ ನೆಟ್‌ವರ್ಕ್ ನೋಡಿಕೊಳ್ಳುವವನು ಅಕ್ಕನ ಮೈದುನನೇ; ಅಲ್ಲಿಗೆ ಬರುವುದೆಲ್ಲ ಅವನ ಕಣ್ಣಿಗೆ ಬೀಳುತ್ತದೆ. "ನಾನೇ ಬೀಗ ಹಾಕಿದ್ದೀನಿ, ಧೈರ್ಯವಾಗಿ ಪರೀಕ್ಷೆಗೆ ರಕ್ತ ಕೊಡಕ್ಕಾ" ಎಂದಿದ್ದಳು.

ರಜೆ ಮುಗಿಸಿ ಬಂದು ಕೋಡ್ ತೆರೆದರೆ ಬೀಗದ ಸಾಲೇ ಇಲ್ಲ!

"ಯಾರು ತೆಗೆದದ್ದು?"

"ನಾನೇ," ಎಂದರು ಮ್ಯಾನೇಜರ್. "ರಿಪೋರ್ಟ್ ಅರ್ಧಕ್ಕೇ ಕಟ್ ಆಗ್ತಿತ್ತು. ತೆಗೆದೆ, ಸರಿಹೋಯ್ತು. ಲಾಗಿನ್ ಇದೆಯಲ್ಲಮ್ಮಾ!"

ಕಟ್ ಆಗುತ್ತಿದ್ದದ್ದು ಅವರ ಕೈಚಳಕದಿಂದಲೇ. ಅವಳು ರಜೆಯಲ್ಲಿದ್ದಾಗ ಕೋಡಿಗೆ ಕೈ ಹಾಕಿ, ಬೀಗ ಹಾಕಿದ ಡೇಟಾದ ಉದ್ದವನ್ನು ಬರಿಯ ಪಠ್ಯ ಅಳೆಯುವ ಫಂಕ್ಷನ್‌ನಿಂದ ಅಳೆದಿದ್ದರು. ಅದು ಸೊನ್ನೆ ಬೆಲೆಯ ಬೈಟ್ ಕಂಡಲ್ಲಿ ಪಠ್ಯ ಮುಗಿಯಿತೆಂದು ನಿಂತುಬಿಡುತ್ತದೆ. ಬೀಗ ಹಾಕಿದ ಡೇಟಾದಲ್ಲಿ ಸೊನ್ನೆ ಎಲ್ಲಿ ಬೇಕಾದರೂ ಬರುತ್ತದೆ. ಸಿ ಕಲಿಯುವವರಿಗೆ ಮೊದಲ ವರ್ಷವೇ ತಿಳಿಯಬೇಕಾದ ಸಂಗತಿ. ನೆಗಡಿ ಬಂತೆಂದು ಮೂಗನ್ನೇ ಕೊಯ್ದ ಮಹಾನುಭಾವರು!

"ಲಾಗಿನ್ ಅಂದ್ರೆ ಬಾಗಿಲಲ್ಲಿ ಯಾರು ಅಂತ ಕೇಳೋದು, ಸಾರ್. ದಾರೀಲಿ ಕಾಗದ ಒಡೆದು ಓದೋರನ್ನ ತಡೆಯೋದಲ್ಲ."

"ಎನ್‌ಕೋಡ್ ಆಗಿ ಹೋಗುತ್ತಲ್ಲ, ಆ ಗೋಜಲು ಯಾರಿಗಮ್ಮಾ ಅರ್ಥವಾಗುತ್ತೆ?"

ಅವಳು ಆಫೀಸಿನ ವೈಫೈಯಲ್ಲಿ ಹೋಗುತ್ತಿದ್ದ, ಪ್ರೋಗ್ರಾಂ ಪರೀಕ್ಷಿಸಲು ಕಳಿಸಿದ ರಿಪೋರ್ಟೊಂದನ್ನು ಹಿಡಿದಳು. ಮಾದರಿಗೆಂದು ಮ್ಯಾನೇಜರ್ ತಮ್ಮ ರಕ್ತದ ರಿಪೋರ್ಟನ್ನೇ ಹಾಕಿದ್ದರು. ಎನ್‌ಕೋಡ್ ಬಿಚ್ಚಲು ಕೀಲಿ ಬೇಡ; ಒಂದು ಕಮಾಂಡಿಗೆ ಗೋಜಲು ಬಿಚ್ಚಿತು. ಎಲ್ಲರ ಮುಂದೆ ಓದಿದಳು: "ವಯಸ್ಸು ಐವತ್ತೆರಡು. ಸಕ್ಕರೆ ಅಂಶ..."

"ನಿಲ್ಲಿಸಮ್ಮಾ!"

"ನಿಮ್ಮದಾದ್ರೆ ಗುಟ್ಟು, ಊರವರದ್ದಾದ್ರೆ ಗೋಜಲಾ?"

ಮ್ಯಾನೇಜರ್ ಕುರ್ಚಿ ಬಿಟ್ಟೆದ್ದು ಹೋದರು. ಅವಳು ಸಿಟ್ಟಿನಲ್ಲೇ ಕೀಲಿಮಣೆ ಕುಟ್ಟಿ ಉದ್ದವನ್ನು ಆ ಫಂಕ್ಷನ್‌ಗೆ ಬಿಡದೆ ಬೇರೆಯಾಗಿ ಕೊಟ್ಟಳು, ಬೀಗವನ್ನು ಮತ್ತೆ ಹಾಕಿದಳು. ಸಂಜೆಗೆ ಎಲ್ಲ ಸರಿಯಾಯಿತು. ಆಮೇಲೆ ಅಕ್ಕನಿಗೆ ಫೋನ್ ಮಾಡಿದಳು. ಸ್ಪೀಕರಿನಲ್ಲಿ ನನಗೂ ಕೇಳುತ್ತಿತ್ತು.

"ರಕ್ತ ಕೊಡೋಕೆ ಯಾವಾಗ ಹೋಗ್ತೀಯಕ್ಕಾ?"

"ನಿನ್ನೆನೇ ಕೊಟ್ಟೆನಲ್ಲೇ. ರಿಪೋರ್ಟೂ ಡಾಕ್ಟರಿಗೆ ಹೋಯ್ತಂತೆ. ನೀನು ಧೈರ್ಯ ಹೇಳಿದ್ಯಲ್ಲ, ಅದಕ್ಕೇ ಹೋದೆ."

ಅವಳು ಫೋನ್ ಇಟ್ಟು ನನ್ನ ಕಡೆ ತಿರುಗಿದಳು.

"ಅವರು ಬೀಗ ತೆಗೆದದ್ದು ನಿನಗೆ ಗೊತ್ತಿತ್ತಾ?"

ಗೊತ್ತಿತ್ತು. ಹೋದ ವಾರವೇ ಗೊತ್ತಿತ್ತು. ನನಗ್ಯಾಕೆ ಉಸಾಬರಿ ಎಂದು ಸುಮ್ಮನಿದ್ದೆ.