ಕಪ್ಪಿನಲ್ಲಿ ಇಲ್ಲದ ಕಿತ್ತಳೆ

ದೊಡ್ಡ ಬಸ್ ನಿಲ್ದಾಣದ ಎದುರಿಗೆ ಒಂದು ಕಾಫಿ ಅಂಗಡಿ. ಅಲ್ಲಿ ಎಸ್ಪ್ರೆಸೊ ಯಂತ್ರದ ಹಿಂದೆ ನಿಲ್ಲುವವನನ್ನು ಎಲ್ಲರೂ ಕರೆಯುವುದು ‘ಎರಡ್ನಿಮಿಷ’ ಅಂತ. ಯಾರು ಎಷ್ಟೇ ಅವಸರ ಮಾಡಲಿ, ತಲೆ ಎತ್ತದೆ “ಎರಡ್ನಿಮಿಷ” ಅನ್ನುತ್ತಾನೆ. ಬಸ್ಸು ಹೊರಟು ಹೋದರೂ ಅವನ ಎರಡು ನಿಮಿಷ ಮುಗಿದಿರುವುದಿಲ್ಲ. ಬೈದುಕೊಂಡು ಹೋದವರೂ ಮರುದಿನ ಅದೇ ಬಾಗಿಲಿಗೆ ಬರುತ್ತಾರೆ, ಅದು ಬೇರೆ ಮಾತು.

ಇಂಥವನಿಗೆ ನಾಲ್ಕು ಜನರ ಮುಂದೆ ಹದಿನೈದು ನಿಮಿಷ ಮಾತಾಡುವ ಗ್ರಹಚಾರ ಬಂತು. ತಂದು ಹಚ್ಚಿದವಳು ಅಂಗಡಿಯ ಯಜಮಾನಿ.

“ನೋಡಪ್ಪಾ, ಗುಂಡಿ ಒತ್ತಿದರೆ ತಾನೇ ಕಾಫಿ ಸುರಿಯೋ ಯಂತ್ರ ತರಿಸೋಣ ಅಂತ ನನ್ನ ಮಗ ದಿನಾ ತಲೆ ತಿಂತಿದಾನೆ. ನೀನು ಆ ಬರಿಸ್ಟಾ ಸ್ಪರ್ಧೇಲಿ ಕೊನೇ ಸುತ್ತಿಗೆ ಹೋಗು, ಅವನ ಬಾಯಿ ನಾನು ಮುಚ್ಚಿಸ್ತೀನಿ. ಹೋಗದಿದ್ರೆ ನನ್ನ ಹತ್ರ ಬೇರೆ ಮಾತಿಲ್ಲ.”

“ನನಗೆ ಮಾತಾಡೋಕೆ ಬರಲ್ಲ ಅಕ್ಕಾ.”

“ಆ ಯಂತ್ರಕ್ಕೂ ಬರಲ್ಲ. ಅದಕ್ಕೇ ಹೇಳಿದ್ದು.”

ಕಾಫಿ ಮಾಡುವವರ ಸ್ಪರ್ಧೆ ಎಂದರೆ ಕಾಫಿ ಮಾಡಿಟ್ಟು ಕೈಕಟ್ಟಿ ನಿಲ್ಲುವುದಲ್ಲ. ನಾಲ್ವರು ತೀರ್ಪುಗಾರರು ಎದುರಿಗೆ ಕೂತಿರುತ್ತಾರೆ. ಕೈ ಕೆಲಸ ಮಾಡುತ್ತಿರುವಾಗಲೇ ಬಾಯಿ ಮಾತಾಡುತ್ತಿರಬೇಕು. ಕಪ್ಪು ಅವರ ತುಟಿಗೆ ಹೋಗುವ ಮೊದಲೇ ಅದರಲ್ಲಿ ಯಾವ ಹಣ್ಣಿನ, ಯಾವ ಹೂವಿನ ರುಚಿ ಸಿಗುತ್ತದೆ ಎಂದು ಹೇಳಿಬಿಡಬೇಕು. ಹೇಳಿದ್ದು ಸಿಕ್ಕರೆ ಅಂಕ. ಸಿಗದಿದ್ದರೆ ಎಷ್ಟು ಚಂದದ ಮಾತಾಡಿದರೂ ಕತ್ತರಿ.

ಎರಡ್ನಿಮಿಷನಿಗೆ ಇಲ್ಲೇ ತೊಡಕು. ಬೆಳಗಿನಿಂದ ಒಂದೊಂದು ಗುಟುಕು ನೋಡಿ ನೋಡಿ ಅವನ ನಾಲಿಗೆ ಹಳೇ ಚಾಪೆಯ ಹಾಗಾಗಿತ್ತು. ಕಹಿ ಹೆಚ್ಚೋ ಹುಳಿ ಹೆಚ್ಚೋ ಗೊತ್ತಾಗುತ್ತಿತ್ತೇ ಹೊರತು ಹಣ್ಣು ಹೂವಿನ ಲೆಕ್ಕ ಸಿಗುತ್ತಿರಲಿಲ್ಲ. ಆದರೆ ಮನೆಯಲ್ಲಿ ಒಂದು ನಾಲಿಗೆ ಇತ್ತು, ಹೆಂಡತಿಯದು. ಮನೆಯಲ್ಲೇ ಕೂತು ಬಟ್ಟೆ ಹೊಲಿಯುವ ಹೆಂಗಸು. ಹಿಂದೊಮ್ಮೆ ಅಂಗಡಿಗೆ ಬಂದವಳು ಒಂದು ಗುಟುಕು ಕುಡಿದು, “ಇದಕ್ಕೆ ರಬ್ಬರ್ ವಾಸನೆ ಇದೆ ಕಣ್ರೀ” ಅಂದಿದ್ದಳು. ನಿನ್ನ ಮೂಗಿಗೇನಾಗಿದೆ ಎಂದು ನಕ್ಕು, ಸಂಜೆ ಯಂತ್ರ ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಬಳೆ ಕರಗಿ ಅಂಟಾಗಿತ್ತು. ಅವತ್ತಿನಿಂದ ಅವಳ ನಾಲಿಗೆ ಹೇಳಿದ್ದೇ ಅವನಿಗೆ ಕಡೆಯ ಮಾತು.

ಹಾಗಾಗಿ ರಜೆಯ ದಿನ ಮಧ್ಯಾಹ್ನ, ಅಂಗಡಿಯ ಬಾಗಿಲು ಅರ್ಧ ಎಳೆದು, ಗಂಡಹೆಂಡತಿ ಇಬ್ಬರೂ ತಾಲೀಮು ಮಾಡತೊಡಗಿದರು. ಅವಳು ತೀರ್ಪುಗಾರಳಂತೆ ಕುರ್ಚಿಯಲ್ಲಿ ಬಿಗಿಯಾಗಿ ಕೂರುತ್ತಿದ್ದಳು.

“ಏನ್ರೀ, ಅಷ್ಟು ಬೆವರ್ತಿದೀರಾ? ನಾನೇನು ನಿಮ್ಮ ಅತ್ತೇನಾ?”

“ನಿಮ್ಮಮ್ಮನೇ ಆಗಿದ್ರೆ ವಾಸಿ. ಕಾಫಿ ಕುಡಿಯಲ್ಲ.”

ನಗು ಮುಗಿದ ಮೇಲೆ ಅವಳು ಗುಟುಕರಿಸಿ, ಕಣ್ಣು ಮುಚ್ಚಿ, ಒಂದೊಂದೇ ರುಚಿ ಹೇಳುವಳು. ಕಪ್ಪು ಕಾಫಿಗೆ ಒಣದ್ರಾಕ್ಷಿ ಅಂದಳು. ಹಾಲಿನ ಕಾಫಿಗೆ ಕಿತ್ತಳೆ ಸಿಪ್ಪೆ, ಕೊನೆಯಲ್ಲಿ ಒಂಚೂರು ಜೇನು. ಅವನು ಅದನ್ನೇ ಮಾತಾಗಿ ಕಟ್ಟಿದ. ಬರೆದು ಬಾಯಿಪಾಠ ಮಾಡುವುದು ಅವನಿಂದ ಆಗಲಿಲ್ಲ. ಒಂದೊಂದು ಮಾತನ್ನು ಕೈಯ ಒಂದೊಂದು ಕೆಲಸಕ್ಕೆ ಗಂಟು ಹಾಕಿದ. ಪುಡಿ ಒತ್ತುವಾಗ ಈ ಮಾತು, ಕಪ್ಪು ಒರೆಸುವಾಗ ಆ ಮಾತು. ಹಾಲಿನ ಜಗ್ಗನ್ನು ಹಬೆಯ ಕೊಳವೆಗೆ ಓರೆಯಾಗಿ ಹಿಡಿದರೆ ಸಾಕು, “ಇದರಲ್ಲಿ ನಿಮಗೆ ಕಿತ್ತಳೆ ಸಿಪ್ಪೆ ಸಿಗುತ್ತೆ” ಅನ್ನುವುದು ತಾನಾಗಿ ಬಾಯಿಗೆ ಬರುವ ಹಾಗಾಯಿತು.

ಸ್ಪರ್ಧೆಗೆ ಇನ್ನೊಂದು ವಾರ ಇರುವಾಗ ಆದದ್ದು ಇದು. ಅವನು ಮೇಜಿನ ಮೇಲೆ ಒಂದೇ ಥರದ ಎರಡು ಬಾಟಲಿ ಇಡುತ್ತಿದ್ದ. ಎಡಗಡೆಯದು ಸಕ್ಕರೆ ಪಾಕ. ಬಲಗಡೆಯದು ಉಪ್ಪುನೀರು, ಕಹಿ ತಗ್ಗಿಸಲು ಒಂದು ಹನಿ ಬಿಡುವುದಕ್ಕೆ. ಕಣ್ಣು ತೀರ್ಪುಗಾರರ ಮೇಲೆ ಇರಬೇಕಾದ್ದರಿಂದ ಕೈ ಜಾಗದ ಗುರುತಿನ ಮೇಲೇ ಹೋಗುವುದು ರೂಢಿ. ಅವತ್ತು ಅವಳು ಬಾಟಲಿಗಳನ್ನು ತೊಳೆದು ತುಂಬಿ ಅದಲುಬದಲು ಇಟ್ಟಿದ್ದಳು. ಅವನ ಕೈ ಎಡಕ್ಕೇ ಹೋಯಿತು. ಹಾಲಿನ ಕಾಫಿಗೆ ಧಾರಾಳವಾಗಿ ಸುರಿಯಿತು.

ಅವಳು ಅರ್ಧ ಕಪ್ಪು ಕುಡಿದಳು. ಕಣ್ಣು ಮುಚ್ಚಿದಳು. “ಹೋದ ಸಲಕ್ಕಿಂತ ಚೆನ್ನಾಗಿದೆ. ಕಿತ್ತಳೆ ಎದ್ದು ಕಾಣ್ತಿದೆ” ಅಂದಳು.

ಅವನಿಗೆ ಖುಷಿಯೋ ಖುಷಿ. ಕಪ್ಪು ತೆಗೆಯುವಾಗ ಉಳಿದದ್ದನ್ನು ತಾನೂ ಒಂದು ಗುಟುಕು ಕುಡಿದ. ಚಾಪೆಯಂಥ ನಾಲಿಗೆಗೂ ಗೊತ್ತಾಯಿತು. ಸಿಂಕಿಗೆ ಉಗುಳಿ ಬಂದು ಅವಳೆದುರು ನಿಂತ.

“ಉಪ್ಪು ಕಣೇ.”

ಅವಳು “ನಿಮ್ಮ ಕೈಯಿಂದ ವಿಷ ಕೊಟ್ರೂ ಕಿತ್ತಳೆ ಅಂತೀನಿ” ಎಂದು ನಗಲು ನೋಡಿದಳು. ಅವನು ನಗಲಿಲ್ಲ.

“ಯಾವಾಗಿಂದ ಹೀಗೆ?”

“ಎರಡನೇ ಸಲದ ಔಷಧಿ ಶುರುವಾದಾಗಿಂದ.”

“ಎರಡನೇ ಸಲ ಅಂದ್ರೆ?”

ಎದೆಯ ಗಡ್ಡೆ ತೆಗೆಸಿ, ಇನ್ನು ಭಯವಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿ ಎರಡು ವರ್ಷವಾಗಿತ್ತು. ಅದು ತಿರುಗಿ ಬಂದಿತ್ತು. ಅವನು ಬೆಳಗಿನ ಪಾಳಿಗೆ ಹೋದ ದಿನಗಳಲ್ಲಿ, ಹೊಲಿದ ಬಟ್ಟೆ ಕೊಟ್ಟುಬರುತ್ತೇನೆ ಎಂದು ಹೇಳಿ, ಒಬ್ಬಳೇ ಆಸ್ಪತ್ರೆಗೆ ಹೋಗಿ ಸೂಜಿ ಚುಚ್ಚಿಸಿಕೊಂಡು ಬರುತ್ತಿದ್ದಳು. ತಲೆಗೆ ಸ್ಕಾರ್ಫ್ ಕಟ್ಟಿದ್ದನ್ನು ಅವನೂ ನೋಡಿದ್ದ. ಹೊಲಿಗೆಗೆ ಕೂದಲು ಅಡ್ಡ ಬರುತ್ತದೆ ಅಂದಿದ್ದಳು, ನಂಬಿದ್ದ. ಔಷಧಿ ಒಳಗೆ ಹೋದಾಗಿನಿಂದ ಅವಳ ಬಾಯಿಗೆ ಏನು ಇಟ್ಟರೂ ಕಬ್ಬಿಣ ನೆಕ್ಕಿದ ಹಾಗೆ, ಅಷ್ಟೇ.

“ಹೇಳಬಾರದಿತ್ತಾ?”

“ನಿಮ್ಮ ಸ್ಪರ್ಧೆ ಮುಗೀಲಿ ಅಂತ.”

“ಸ್ಪರ್ಧೆಗೆ ಬೆಂಕಿ ಬೀಳ್ಲಿ.” ಅವನು ಕುರ್ಚಿ ಎಳೆದು ಕೂತ. “ಹಾಗಾದ್ರೆ ಆ ಕಿತ್ತಳೆ ಎಲ್ಲಿಂದ ಬಂತು?” ಅಂದ.

“ಮೊದಲು ಒಂದ್ಸಲ ಬಂದ ಹಾಗಿತ್ತು. ಆಮೇಲೆ ನಿಮ್ಮ ಮುಖ ನೋಡ್ಕೊಂಡು ಹೇಳ್ತಿದ್ದೆ. ಕಿತ್ತಳೆ ಅಂದಾಗ ಮುಖ ಅರಳ್ತಿತ್ತು.”

ಅವನು ಸ್ಪರ್ಧೆಯೇ ಬೇಡ ಅಂದ. ಅವಳು ಬಿಡಲಿಲ್ಲ. “ಇರೋ ಕೆಲಸಾನೂ ಕಳ್ಕೊಂಡು ಮನೇಲಿ ಕೂತು ನನ್ನ ಮುಖ ನೋಡ್ತೀರಾ? ನಾನು ಹೇಳಿದ್ದನ್ನೆಲ್ಲ ಬಿಚ್ಚಿ ಹಾಕಿ. ತಪ್ಪು ಹೊಲಿಗೆ ಬಿದ್ದಿದೆ ಅಂದ್ಕೊಳ್ಳಿ. ದಾರ ಎಳೆದರೆ ಬರುತ್ತೆ.”

ಮಾರನೆಯ ದಿನ ಯಜಮಾನಿಗೆ ಕುಡಿಸಿ ನೋಡಿದ. ಅವಳು ತುಟಿ ಚಪ್ಪರಿಸಿ, “ದ್ರಾಕ್ಷಿ ಸರಿ. ಹಾಲಿನದ್ರಲ್ಲಿ ಕಿತ್ತಳೆ ಎಲ್ಲಿದೆಯೋ? ಹುರಿದ ಬಾದಾಮಿ ಹಾಗಿದೆ” ಅಂದಳು. ಕುಡಿಸಿದ ಗಿರಾಕಿಗಳೂ ಬಾದಾಮಿಯೇ ಅಂದರು. ಒಂದು ಮಾತು ಬದಲಾಗಬೇಕಿತ್ತು, ಅಷ್ಟೇ. ಆದರೆ ಆ ಮಾತು ಕೈಗೆ ಗಂಟುಬಿದ್ದಿತ್ತು. ಜಗ್ಗು ಓರೆಯಾದೊಡನೆ ಬಾಯಿ ಕಿತ್ತಳೆ ಅನ್ನುವುದು. ಅದನ್ನು ತಡೆದು ಬಾದಾಮಿ ಅನ್ನಲು ಹೋದರೆ ಕೈ ಅಲ್ಲೇ ನಿಲ್ಲುವುದು, ಹಾಲು ಕಾದು ಉಕ್ಕುವುದು. ಎಷ್ಟು ಲೀಟರ್ ಹಾಲು ಮೋರಿಗೆ ಹೋಯಿತೋ. ಸ್ಪರ್ಧೆಯ ಹಿಂದಿನ ದಿನ ಅಂತೂ ಬಾದಾಮಿ ಕೂತಿತು.

ಸಭಾಂಗಣದಲ್ಲಿ ಅವಳು ಎರಡನೇ ಸಾಲಿನಲ್ಲಿ ಯಜಮಾನಿಯ ಪಕ್ಕದಲ್ಲಿ ಕೂತಿದ್ದಳು. ಅಷ್ಟು ದೊಡ್ಡ ದೀಪದ ಕೆಳಗೆ ನಿಂತು ಅವನು ಅವಳನ್ನು ನೋಡಿದ. ಮನೆಯ ಬೆಳಕಿನಲ್ಲಿ ಕಾಣದೆ ಹೋಗಿದ್ದೆಲ್ಲ ಅಲ್ಲಿ ಕಂಡಿತು. ಕೆನ್ನೆಯ ಮೂಳೆ, ಭುಜದಿಂದ ಜಾರಿದ ಸಡಿಲ ರವಿಕೆ. ಊರಿನವರ ಬಟ್ಟೆಯನ್ನೆಲ್ಲ ಅಳತೆಗೆ ಸರಿಮಾಡುವವಳು ತನ್ನದನ್ನು ಹಿಡಿದು ಹೊಲಿದುಕೊಂಡಿರಲಿಲ್ಲ.

ಕಪ್ಪು ಕಾಫಿ ಸರಾಗವಾಗಿ ಹೋಯಿತು. ತೀರ್ಪುಗಾರರು ತಲೆದೂಗಿ ಬರೆದುಕೊಂಡರು. ಜಗ್ಗಿಗೆ ಹಾಲು ಬಗ್ಗಿಸಿ ಹಬೆಗೆ ಓರೆಯಾಗಿ ಹಿಡಿದ. ಹಬೆ ಬುಸುಗುಟ್ಟಿತು. “ಇದರಲ್ಲಿ ನಿಮಗೆ ಕಿತ್ತಳೆ ಸಿಪ್ಪೆ ಸಿಗುತ್ತೆ” ಎಂದು ಅವನ ಬಾಯಿ ಹೇಳಿತು.

ತಿದ್ದಲು ಸಮಯವಿತ್ತು. ಕಪ್ಪುಗಳು ಇನ್ನೂ ಅವನ ಮುಂದೆಯೇ ಇದ್ದವು. ತಪ್ಪಾಯಿತು, ಬಾದಾಮಿ ಎಂದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಎರಡನೇ ಸಾಲಿನಲ್ಲಿ ಅವಳು ಕಿತ್ತಳೆ ಬೇಡ ಬೇಡ ಎಂದು ತಲೆ ಆಡಿಸುತ್ತಿದ್ದಳು. ಆದರೆ ತಿದ್ದಬೇಕೆಂದರೆ ಅವಳ ಕಣ್ಣೆದುರಿಗೆ, ಅಷ್ಟು ಜನರ ನಡುವೆ, ಆ ಕಿತ್ತಳೆ ಇಲ್ಲ ಅನ್ನಬೇಕಿತ್ತು. ಅದು ಅವನಿಂದ ಆಗಲಿಲ್ಲ. “ಕೊನೆಯಲ್ಲಿ ಒಂಚೂರು ಜೇನು” ಎಂದೂ ಸೇರಿಸಿ ಕಪ್ಪುಗಳನ್ನು ಮುಂದಿಟ್ಟ.

ತೀರ್ಪುಗಾರರು ಗುಟುಕರಿಸಿದರು. ಮೂವರು ಬರೆದು ಕೆಳಗಿಟ್ಟರು. ನಾಲ್ಕನೆಯ ಹೆಂಗಸು ಒಳ್ಳೆಯವಳಿರಬೇಕು. ಮತ್ತೊಮ್ಮೆ ಕುಡಿದು ಹುಡುಕಿದಳು, ಇನ್ನೊಮ್ಮೆ ಹುಡುಕಿದಳು. ಆಮೇಲೆ ಅವಳೂ ಬರೆದಳು.

ಕೊನೆಯ ಸುತ್ತಿನವರ ಹೆಸರು ಕೂಗಿದರು. ಅವನದು ಇರಲಿಲ್ಲ. ಯಜಮಾನಿ ಅವನ ಭುಜ ತಟ್ಟಿ ಹೊರಟುಹೋದಳು.

ಬಸ್ಸಿನಲ್ಲಿ ಹೆಂಡತಿ ಕೇಳಿದಳು, “ಬುದ್ಧಿ ಎಲ್ಲಿಟ್ಟಿದ್ರಿ?”

“ಬಾಯಿಗೆ ಬಂದ್ಬಿಡ್ತು.”

“ಬಂದ ಮೇಲೆ ತಿದ್ದಬಹುದಿತ್ತಲ್ಲ.”

“ಬಹುದಿತ್ತು.”

ಅವಳು ಕಿಟಕಿಯ ಕಡೆ ತಿರುಗಿದಳು. “ಇನ್ನು ತಿನ್ನೋದೇನನ್ನ?” ಅಂದಳು.

“ಏನಾದ್ರೂ ಬೇಯಿಸೋಣ ಬಿಡು. ನಿನಗಂತೂ ರುಚಿ ಗೊತ್ತಾಗಲ್ಲ.”

ಅವಳಿಗೆ ನಗು ಬಂತು. ನಕ್ಕಳು, ನಕ್ಕಳು, ನಗುತ್ತ ನಗುತ್ತ ಸ್ಕಾರ್ಫಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಮುಂದಿನ ಸೀಟಿನವರು ತಿರುಗಿ ನೋಡಿದರು. ನೋಡಲಿ ಎಂದು ಅವನು ಸುಮ್ಮನೆ ಕೂತ.

ಗುಂಡಿಯ ಯಂತ್ರ ಆ ವಾರವೇ ಬಂತು. ಯಜಮಾನಿ ಅವನ ಮುಖ ನೋಡದೆ, “ಬೆಳಗ್ಗೆ ಬರೋದು ಬೇಡಪ್ಪಾ. ಮಧ್ಯಾಹ್ನದ ಮೇಲೆ ಬಂದು ಟೇಬಲ್ ಒರೆಸ್ಕೊಂಡಿರು, ಆಗೋವಷ್ಟು ದಿನ ಆಗ್ಲಿ” ಅಂದಳು. ಅವನು ತಲೆಯಾಡಿಸಿ, ಏಪ್ರನ್ ಬಿಚ್ಚಿ ಮಡಚಿಟ್ಟು ಬಂದ.

ಮುಂದಿನ ಸೂಜಿಯ ಸರದಿಯ ದಿನ ಆಸ್ಪತ್ರೆಯ ಬಾಗಿಲಲ್ಲಿ ನರ್ಸ್ ತಲೆ ಎತ್ತದೆ ಕೇಳಿದಳು, “ಜೊತೆಗೆ ಯಾರು ಬಂದಿದಾರೆ?”

“ಯಾರೂ ಇಲ್ಲ” ಎಂದು ಹೆಂಡತಿ ರೂಢಿಯಂತೆ ಅಂದುಬಿಟ್ಟಳು.

ಅವನು ಹಿಂದೆಯೇ ನಿಂತಿದ್ದ. “ನಾನಿದೀನಲ್ಲ” ಅಂದ.

“ಸರಿ, ಹೊರಗೆ ಕೂತ್ಕೊಳ್ಳಿ. ಹೊತ್ತಾಗುತ್ತೆ.”

ಹೆಂಡತಿ ಚಪ್ಪಲಿ ಬಿಚ್ಚಿ, ಕೈಚೀಲವನ್ನು ಅವನ ಕೈಗೆ ಕೊಟ್ಟು ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ಓಡಾಡುವವರ ಕಾಲಿಗೆ ಸಿಕ್ಕಾವೆಂದು ಅವನು ಆ ಚಪ್ಪಲಿಗಳನ್ನು ಬೆಂಚಿನ ಕೆಳಗೆ ಸರಿಸಿ, ಗೋಡೆಗೆ ಬೆನ್ನು ಕೊಟ್ಟು ಕೂತ.