ಲಂಡನ್ ಮಂದಿಯ ‘ಸ್ವಲ್ಪ’

ಆನೆಗೊಂದಿಯಿಂದ ಸಾಣಾಪುರಕ್ಕೆ ಹೋಗುವ ದಾರಿಯಲ್ಲಿ ತಗಡಿನ ಮಾಡಿನ ಸಣ್ಣದೊಂದು ಹೋಟೆಲಿದೆ. ಅದರ ಒಡತಿ ಪಾರಮ್ಮ, ಯಲಬುರ್ಗಾ ಕಡೆಯ ತಳಕಲ್ಲಿನವಳು. ಓದಿದ್ದು ಎರಡನೇ ತರಗತಿ. ಆದರೂ ಇಂಗ್ಲಿಷಿನ ವಿಷಯದಲ್ಲಿ ಅವಳ ಮುಂದೆ ಯಾರೂ ಬಾಲ ಬಿಚ್ಚುವಂತಿಲ್ಲ. ಅವಳಿಗೆ ಬರುವುದು ಒಂದಲ್ಲ, ಎರಡು ಇಂಗ್ಲಿಷು. ಬಂಡೆ ಹತ್ತಲು ಚಳಿಗಾಲದಲ್ಲಿ ಬರುವ ವಿದೇಶಿಯರಿಗೆ ಹನ್ನೆರಡು ವರ್ಷ ಮಂಡಕ್ಕಿ-ಮಿರ್ಚಿ ಮಾಡಿಕೊಟ್ಟು, ಕಿವಿಯಿಂದಲೇ ಕಲಿತ ವಿದ್ಯೆ ಅದು.

ಚಹಾ ಕೈಗಿಟ್ಟಾಗ ‘ಚೀರ್ಸ್’ ಎಂದರೆ ಅವರು ಲಂಡನ್ ಮಂದಿ, ‘ಆಸಮ್’ ಎಂದರೆ ಅಮೆರಿಕಾದವರು. ದಣಿದು ಬಂದು ಬೆಂಚಿನ ಮೇಲೆ ಕುಸಿದವನು ‘ನ್ಯಾಕರ್ಡ್’ ಎಂದರೆ ಲಂಡನ್ನಿನವನು, ‘ಐಯಾಮ್ ಬೀಟ್’ ಎಂದರೆ ಅಮೆರಿಕಾದವನು. ಬ್ರಿಟನ್ನಿನಲ್ಲಿ ಬೇರೆ ಊರುಗಳೂ ಇವೆ ಎಂದು ಯಾರು ಹೇಳಿದರೂ ಪಾರಮ್ಮ ಕಿವಿಗೆ ಹಾಕಿಕೊಂಡವಳಲ್ಲ. ಗೆಳೆಯನಿಗೆ ಅವರು ಅನ್ನುವ ‘ಮೇಟ್’ ಎನ್ನುವುದನ್ನೂ ಕಲಿತಳು. ಆದರೆ ತಲೆ ನರೆತವರನ್ನು ಬರೀ ಮೇಟ್ ಎಂದು ಕರೆಯಲು ಬಾಯಿ ಬರಲಿಲ್ಲ. ಅದಕ್ಕೇ, “ಬರ್ರಿ ಮೇಟ್‌ರಿ, ಕುಂದರ್ರಿ” ಎನ್ನುತ್ತಿದ್ದಳು.

ಎರಡೂ ಮಂದಿಯ ಸ್ವಭಾವವನ್ನು ಅವಳು ಅಳೆದದ್ದು ಮಿರ್ಚಿಯಿಂದ. ಅಮೆರಿಕಾದವರು ಒಂದು ತುಂಡು ಕಚ್ಚಿದರೆ ಸಾಕು, ‘ಐಯಾಮ್ ಡೈಯಿಂಗ್’ ಎಂದು ಕೂಗಿ, ಸತ್ತೇ ಹೋದಂತೆ ಮಾಡಿ, ಮತ್ತೆರಡು ಹಾಕಿಸಿಕೊಳ್ಳುತ್ತಾರೆ. ಲಂಡನ್ ಮಂದಿಯ ಮುಖ ಕೆಂಪಾಗಿ, ಕಣ್ಣು ಮೂಗು ಎರಡೂ ಸುರಿಯುತ್ತಿದ್ದರೂ ಬಾಯಿಂದ ಬರುವುದು ‘ಎ ಬಿಟ್ ಹಾಟ್’, ಅಂದರೆ ಸ್ವಲ್ಪ ಖಾರ. ಲಂಡನ್ನಿನವರ ಮಾತಿಗೆ ನಾಲ್ಕು ಪಟ್ಟು ಕೂಡಿಸಬೇಕು, ಅಮೆರಿಕಾದವರ ಮಾತಿನಲ್ಲಿ ಮುಕ್ಕಾಲು ಕಳೆಯಬೇಕು ಎಂದು ಅವಳು ಗಿರಾಕಿಗಳ ಮುಂದೆಯೇ ಹೇಳಿ ನಗಿಸುತ್ತಿದ್ದಳು.

ಹೋದ ಜನವರಿಯ ಒಂದು ಮಧ್ಯಾಹ್ನ ಗೈಡ್ ಗೌರೀಶ ತನ್ನ ಕಾರಿನಲ್ಲಿ ವಯಸ್ಸಾದ ಗಂಡ ಹೆಂಡತಿಯನ್ನು ಕರೆತಂದ. ಗೌರೀಶ ಗಂಗಾವತಿಯವನು, ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವನು. ಅದನ್ನು ದಿನಕ್ಕೊಬ್ಬರಿಗಾದರೂ ಹೇಳದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಚಹಾ ಕೊಟ್ಟಾಗ ಇಬ್ಬರೂ ‘ಚೀರ್ಸ್’ ಎಂದರು. ಆದರೆ ಮುದುಕಪ್ಪ ಚಹಾ ಮುಟ್ಟಲಿಲ್ಲ. ತಣ್ಣನೆಯ ಗಾಳಿ ಬೀಸುತ್ತಿದ್ದರೂ ಹಣೆಯ ಮೇಲೆ ಬೆವರಿತ್ತು. ಎಡಗೈಯನ್ನು ಮತ್ತೆ ಮತ್ತೆ ನೀವಿಕೊಳ್ಳುತ್ತಿದ್ದ.

“ಓಕೆ ಅದೀರೇನ್ರಿ?” ಎಂದಳು ಪಾರಮ್ಮ.

ಮುದುಕಪ್ಪ ನಕ್ಕ. “ಎ ಬಿಟ್ ಪೂರ್ಲಿ. ಡೋಂಟ್ ಫಸ್.”

ಸ್ವಲ್ಪ ಮೈಯಲ್ಲಿ ಹುಷಾರಿಲ್ಲ, ಗಡಿಬಿಡಿ ಬೇಡ ಎಂದು ಅದರ ಅರ್ಥ. ಪಾರಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

“ಗೌರೀಶ, ಇವ್ರನ್ನ ದವಾಖಾನಿಗೆ ಕರ್ಕೊಂಡು ನಡಿ.”

“ಸ್ವಲ್ಪ ಅಂದಾರ, ಪಾರಮ್ಮಕ್ಕಾ. ಬಿಸಲು ಬಡದಿರಬೇಕು. ಇಟಗಿ ಗುಡಿ ನೋಡ್ಕೊಂಡು ಬಂದು, ಸಂಜಿಗೆ ತೋರಿಸ್ತೀನಿ ಬಿಡ್ರಿ.”

“ಅಮೆರಿಕಾದವ್ರು ಸ್ವಲ್ಪ ಅಂದಿದ್ರ ನಾನೂ ಸುಮ್ನಿರತಿದ್ದೆ. ಇವ್ರು ಲಂಡನ್ ಮಂದಿ. ಗಾಡಿ ಗಂಗಾವತಿಗೆ ತಿರುವು.”

“ಅಕ್ಕಾ, ನಾ ಇಂಗ್ಲಿಷ್ ಎಂ.ಎ. ಮಾಡೀನಿ…”

“ಮಾಡೀಯಪ್ಪಾ, ಯಾರು ಇಲ್ಲಂದ್ರು? ಮೊದಲ ಗಾಡಿ ಚಾಲೂ ಮಾಡು. ನನ್ನ ಮಾತು ಸುಳ್ಳಾದ್ರ ಊರ ಮುಂದ ನಿಲ್ಲಿಸಿ ಬೈಯುವಂತಿ.”

ಮುದುಕಪ್ಪ ಬೇಡವೆಂದು ತಲೆಯಾಡಿಸಿದ. ಅವನ ಹೆಂಡತಿ ಗೌರೀಶನನ್ನೂ ಪಾರಮ್ಮನನ್ನೂ ನೋಡುತ್ತ ನಿಂತಳು. ಪಾರಮ್ಮ ಒಲೆ ಆರಿಸಿ, ಬಾಣಲೆಯಲ್ಲಿದ್ದ ಮಿರ್ಚಿಯನ್ನು ಹಾಗೇ ಬಿಟ್ಟು, ಮುದುಕಪ್ಪನ ರಟ್ಟೆ ಹಿಡಿದು ಕಾರಿನಲ್ಲಿ ಕೂರಿಸಿದಳು. ತಾನೂ ಹತ್ತಿ ಕುಳಿತಳು. ದಾರಿಯುದ್ದಕ್ಕೂ ಅವನು ‘ಫೈನ್, ಫೈನ್’ ಎನ್ನುತ್ತಿದ್ದ. ಒಂದೊಂದು ಸಲ ಅಂದಾಗಲೂ ಅವಳು ಗೌರೀಶನಿಗೆ “ಜಲ್ದಿ ಹೊಡಿ” ಎನ್ನುತ್ತಿದ್ದಳು. ಗಂಗಾವತಿ ಮುಟ್ಟುವಷ್ಟರಲ್ಲಿ ಅವನ ಮಾತೇ ನಿಂತಿತ್ತು.

ಹೃದಯಾಘಾತ ಎಂದರು ಡಾಕ್ಟರು. ಎರಡು ತಾಸಿನ ಮೇಲೆ ಹೊರಗೆ ಬಂದು, ಪ್ರಾಣಕ್ಕೆ ಅಪಾಯವಿಲ್ಲ, ಇಟಗಿಯ ದಾರಿ ಹಿಡಿದಿದ್ದರೆ ಉಳಿಯುತ್ತಿರಲಿಲ್ಲ ಎಂದರು. ಹೆಂಡತಿಯನ್ನು ಒಳಗೆ ಬಿಟ್ಟರು. ಅಷ್ಟು ಹೊತ್ತೂ ಆಕೆಯ ಕೈ ಹಿಡಿದು ಕುಳಿತಿದ್ದ ಪಾರಮ್ಮ ಈಗ ಸೆರಗಿನಿಂದ ಮುಖ ಒರೆಸಿಕೊಂಡಳು.

ಗೌರೀಶ ಬಂದು ಪಕ್ಕದಲ್ಲಿ ಕುಳಿತ. ಅವನ ಮುಖ ಇಳಿದುಹೋಗಿತ್ತು.

“ತಪ್ಪಾತು ಅಕ್ಕಾ. ನಾ ಓದಿದ್ದು ಏನೂ ಉಪಯೋಗಕ್ಕ ಬರಲಿಲ್ಲ ನೋಡ್ರಿ. ಆ ಮಾತಿನ ಮ್ಯಾಲೆ ನಿಮಗ ಹೆಂಗ ಗೊತ್ತಾತು?”

“ಇಂಗ್ಲಿಷಿಂದಲ್ಲಪ್ಪಾ ಅದು,” ಎಂದಳು ಪಾರಮ್ಮ. “ನಮ್ಮ ಮನಿಯವ್ರೂ ಹಿಂಗ ಮಾತಾಡತಿದ್ರು. ಶೇಂಗಾ ಕೀಳಾಕ ಹೋದವ್ರು ನಡುಹಗಲದಾಗ ತಿರುಗಿ ಬಂದು, ಏನಿಲ್ಲ, ಎದಿ ಸ್ವಲ್ಪ ಹಿಡದಂಗ ಆಗೈತಿ ಅಂದ್ರು. ನಾನು ಸ್ವಲ್ಪ ಅಂದ್ರ ಸ್ವಲ್ಪ ಅಂತ ತಿಳಕೊಂಡೆ. ಅಜವಾನ ಕೊಟ್ಟು, ಮಕ್ಕೊಳ್ರಿ ಅಂದು, ಹಳ್ಳಕ್ಕ ಅರಬಿ ಒಗಿಯಾಕ ಹೋಗಿಬಿಟ್ಟೆ. ತಿರುಗಿ ಬಂದು ಎಬ್ಬಿಸಿದ್ರ ಏಳಲಿಲ್ಲ.”