ಐದು ತಾಲೂಕಿಗೆ ಒಂದೇ ದಾರ

ನನಗೆ ಮೀನು ಹಿಡಿಯಲು ಬರುವುದಿಲ್ಲ ಎಂದು ಒಪ್ಪಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಗಾಳದ ದಾರ ಕೊಳ್ಳಲೂ ಬರುವುದಿಲ್ಲ ಎಂದು ಒಪ್ಪಿಕೊಳ್ಳುವಾಗ ಮಾತ್ರ ಮೈ ಉರಿಯುತ್ತದೆ. ನಾನು ಸರ್ವೆಯರ್. ಸರಪಳಿ ಎಳೆದು ಹೊಲ ಅಳೆಯುತ್ತಲೇ ತಲೆಗೂದಲು ಹಣ್ಣಾದವನು. ಅಂಥವನನ್ನು ಒಂದು ದಾರ ಎರಡು ವರ್ಷ ಆಟ ಆಡಿಸಿತು.

ಇದೆಲ್ಲ ಶುರುವಾದದ್ದು ಡಾಕ್ಟರರಿಂದ. ಬಿಪಿ ಯಂತ್ರದ ಮುಳ್ಳನ್ನು ಎರಡು ಸಲ ನೋಡಿ, "ಏನಾರ ಹವ್ಯಾಸ ಇಟ್ಕೊಳ್ರಿ, ಮನಸ್ಸು ತಣ್ಣಗಾಗಂಥದ್ದು" ಎಂದರು. ನೀರಿನ ದಡದಲ್ಲಿ ಕೂರುವುದಕ್ಕಿಂತ ತಣ್ಣಗಿನದು ಯಾವುದಿದೆ? ಆದರೆ ನಮ್ಮದು ಬೌದ್ಧರ ಮನೆ. ಪಡಸಾಲೆಯ ಗೋಡೆಯ ಮೇಲೆ ಬುದ್ಧ ಕಣ್ಣು ಮುಚ್ಚಿ ಕೂತಿರುವಾಗ ಎದುರಿಗೇ ಎರೆಹುಳುವನ್ನು ಗಾಳಕ್ಕೆ ಚುಚ್ಚುವುದು ಹೇಗೆ? ಆಗಲೇ ಫೋನಿನಲ್ಲಿ ಒಂದು ವಿಡಿಯೋ ಕಂಡಿತು. ಹೊರದೇಶದವರು ಪುಕ್ಕ ಸುತ್ತಿ ಮಾಡಿದ ನಕಲಿ ನೊಣದಿಂದ ಮೀನು ಹಿಡಿದು, ಮುದ್ದು ಮಾಡಿ, ಮತ್ತೆ ನೀರಿಗೆ ಬಿಡುತ್ತಿದ್ದರು. ಹುಳುವೂ ಸಾಯದು, ಮೀನೂ ಸಾಯದು. ಬುದ್ಧನಿಗೆ ಮುಜುಗರವಿಲ್ಲ, ನನಗೆ ಬಿಪಿ ಇಲ್ಲ.

ನನ್ನ ಹೆಂಡತಿ ಸುಜಾತಾ ವಿಡಿಯೋ ಪೂರ್ತಿ ನೋಡಿ, "ಹಿಡಿದು ಬಿಡಾದಾದ್ರ ಹಿಡಿಯಾದ್ಯಾಕ್ರಿ? ಅದರ ಪಾಡಿಗೆ ಅದು ಇರಲಿ, ನಿಮ್ಮ ಪಾಡಿಗೆ ನೀವಿರ್ರಿ" ಎಂದಳು. ನಾನು ಆಗಲೇ ಫೋನಿನಲ್ಲಿ ದಾರದ ಬೆಲೆ ಹುಡುಕುತ್ತಿದ್ದೆ.

ಈ ಬಗೆಯ ಗಾಳದಲ್ಲಿ ನೊಣಕ್ಕೆ ತೂಕವಿಲ್ಲ, ದಾರಕ್ಕೇ ತೂಕ. ಅದು ಹೆಚ್ಚುಕಡಿಮೆ ಸೆಣಬಿನ ಹುರಿಯಷ್ಟು ದಪ್ಪ. ಕೋಲಿನಿಂದ ತಲೆಯ ಮೇಲೆ ಹಿಂದೆ ಮುಂದೆ ಬೀಸಿ ಬಿಟ್ಟರೆ ತನ್ನ ಭಾರಕ್ಕೆ ತಾನೇ ಬಿಚ್ಚಿಕೊಂಡು ಹೋಗಿ, ತುದಿಯ ಸಣ್ಣ ಎಳೆಗೆ ಕಟ್ಟಿದ ನೊಣವನ್ನು ನೀರಿನ ಮೇಲೆ ಕೂರಿಸಬೇಕು. ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ತೇಲುವ ದಾರ ಬೇರೆ, ಮುಳುಗುವ ದಾರ ಬೇರೆ, ಮೈ ತೇಲಿ ಮೂತಿ ಮುಳುಗುವುದು ಬೇರೆ. ಅವುಗಳಲ್ಲಿ ಮತ್ತೆ ತೂಕಕ್ಕೆ ತಕ್ಕಂತೆ ಐದನೇ ನಂಬರು, ಆರನೇ ನಂಬರು, ಏಳನೇ ನಂಬರು. ಬುದ್ಧನ ಮಾತುಗಳನ್ನು ಪಾಳಿಯಲ್ಲಿ ‘ಸುತ್ತ’ ಎನ್ನುತ್ತಾರೆ, ಹಾಗೆಂದರೆ ದಾರ ಎಂದು ಎಲ್ಲೋ ಓದಿದ್ದೆ. ಆತ ಪುಣ್ಯವಂತ, ಅವನ ದಾರಕ್ಕೆ ನಂಬರಿರಲಿಲ್ಲ.

ಒಂದೇ ನೀರಿಗೆ ಹೋಗುವವನಾಗಿದ್ದರೆ ಒಂದು ದಾರ ಸಾಕಿತ್ತು. ನನ್ನ ಕೆಲಸವೋ ಐದು ತಾಲೂಕು ಸುತ್ತುವುದು. ಕೂಡ್ಲಿಗಿ ಕಡೆಯ ಕೆರೆಗೆ ತೇಲುವ ದಾರ ಒಯ್ದೆ. ನೀರೇ ಕಾಣದ ಹಾಗೆ ಅಂತರಗಂಗೆ ಹಬ್ಬಿತ್ತು. ನನ್ನ ನೊಣ ಎಲೆಯ ಮೇಲೆ ಒಣಗಿಕೊಂಡು ಕೂತಿತು. ಹಾಗಾದರೆ ಮುಳುಗುವುದೇ ಸರಿ ಎಂದು ಅದನ್ನು ತರಿಸಿ ಕೊಟ್ಟೂರಿಗೆ ಒಯ್ದೆ. ಅಲ್ಲಿ ಮೊಣಕಾಲುದ್ದ ನೀರು, ದಾರ ಹೋಗಿ ಕೆಸರಿನಲ್ಲಿ ಮಲಗಿತು. ಹಗರಿಬೊಮ್ಮನಹಳ್ಳಿಯ ಮಗ್ಗುಲಿನ ತಂಬ್ರಹಳ್ಳಿ ಹಿನ್ನೀರಿಗೆ ಹೋದರೆ ನೀರೇನೋ ಕಡಲಿನ ಹಾಗಿತ್ತು, ಗಾಳಿಯೂ ಹಾಗೇ ಇತ್ತು. ಮುಂದಕ್ಕೆ ಎಸೆದ ದಾರ ಹಿಂದಕ್ಕೆ ಬಂದು ನನ್ನ ಕನ್ನಡಕಕ್ಕೇ ಸುತ್ತಿಕೊಂಡಿತು. ಹರಪನಹಳ್ಳಿಯಲ್ಲಿ ನೀರು ಸರಿ, ಗಾಳಿ ಸರಿ, ಬೆನ್ನ ಹಿಂದೆ ಜಾಲಿ ಪೊದೆ. ಒಂದೊಂದು ಬೀಸಿಗೂ ಮುಳ್ಳಿನಿಂದ ನೊಣ ಬಿಡಿಸಬೇಕು. ದಡದಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದ ಹಿರಿಯರೊಬ್ಬರು ಕೈ ನಿಲ್ಲಿಸಿ ನೋಡಿದರು. ಆಮೇಲೆ ತಡೆಯಲಾರದೆ, "ಸಾರ್, ಜಾಲಿ ಗಿಡದಾಗೆ ಯಾವ ಮೀನು ಸಿಗ್ತಾವೆ?" ಎಂದು ಕೇಳಿದರು. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದರು. ಅದೇ ನನಗೆ ಹೆಚ್ಚು ಉರಿಯಿತು.

ಕೊನೆಗೆ, ಎಲ್ಲ ನೀರಿಗೂ ಸಲ್ಲುತ್ತದೆ ಎಂದು ಡಬ್ಬಿಯ ಮೇಲೇ ಬರೆದುಕೊಂಡ ಕಿತ್ತಳೆ ಬಣ್ಣದ ದಾರವೊಂದನ್ನು ತರಿಸಿದೆ. ಅದರ ಪರೀಕ್ಷೆಗೆ ಉಳಿದದ್ದು ಹೊಳೆ. ಹಡಗಲಿ ತಾಲೂಕಿನ ಮಾಗಳದಲ್ಲಿ ಸುಜಾತಾಳ ಅಕ್ಕನ ಮನೆಯಿದೆ. ಒಂದು ಭಾನುವಾರ ಅಕ್ಕನನ್ನು ನೋಡಿದಂತೆಯೂ ಆಯಿತು ಎಂದು ಅವಳೂ ಜೊತೆಗೆ ಬಂದಳು. ಊಟದ ನಂತರ ಇಬ್ಬರೂ ತುಂಗಭದ್ರೆಗೆ ಇಳಿದೆವು.

ದಡದಲ್ಲಿ ಅಂಬಿಗರ ದುರುಗಪ್ಪನ ಬುಟ್ಟಿಯಂಥ ದುಂಡನೆಯ ತೆಪ್ಪ ಕಟ್ಟಿತ್ತು. ಅವನು ಹುಟ್ಟನ್ನು ಹೆಗಲಿಗಿಟ್ಟುಕೊಂಡು ಚಹಾ ಕುಡಿಯಲು ಹೊರಟಿದ್ದ. ತೆಪ್ಪ ನಾನು ದಾರ ಬೀಸುವ ಜಾಗಕ್ಕೆ ಅಡ್ಡವಾಗಿತ್ತು. ಅವನು ಮರೆಯಾದ ಮೇಲೆ ನಾನೇ ಅದನ್ನು ಬಿಚ್ಚಿ, ಹತ್ತು ಮಾರು ಕೆಳಗೆ ಒಯ್ದು ಒಂದು ಬೇರಿಗೆ ಕಟ್ಟಿದೆ. ಮರಳು ಕಾದಿತ್ತು. ಸುಜಾತಾ ಕಾಲು ಸುಡುತ್ತದೆಂದು ತೆಪ್ಪದೊಳಗೆ ಹೋಗಿ ಕೂತು ಶೇಂಗಾ ಸುಲಿಯತೊಡಗಿದಳು.

ನಾನು ಗಂಟು, ನಂಬರುಗಳಲ್ಲಿ ಮುಳುಗಿದ್ದೆ. "ರೀ" ಎಂದಳು. ನಾನು ಗಂಟು ಬಿಗಿಯುತ್ತಲೇ ಇದ್ದೆ. "ರೀ, ದಡ ಯಾಕ ದೂರ ಹೊಂಟೈತಿ?" ಎಂದಾಗ ತಲೆಯೆತ್ತಿದೆ. ದಡ ಎಲ್ಲಿಗೂ ಹೊರಟಿರಲಿಲ್ಲ. ನಾನು ಕಟ್ಟಿದ ಗಂಟು ಬಿಚ್ಚಿಹೋಗಿ ತೆಪ್ಪ ಮೆಲ್ಲಗೆ ತಿರುಗುತ್ತ ಹೊಳೆಯ ನಡುವಿಗೆ ಸಾಗಿತ್ತು. ಅವಳಿಗೆ ಈಜು ಬಾರದು, ನನಗೂ ಬಾರದು. ತೆಪ್ಪದ ಕಡೆಗೆ ಓಡಿದೆ. ದುರುಗಪ್ಪನ ಹೆಸರು ಹಿಡಿದು ಕೂಗಿದೆ. ಆಮೇಲೆ, ಕೈಯಲ್ಲಿ ಇದ್ದದ್ದು ಅದೊಂದೇ ಆದ್ದರಿಂದ, ದಾರ ಬೀಸಿದೆ.

ಮೊದಲ ಸಲ ದಾರ ಅರ್ಧಕ್ಕೇ ಬಿತ್ತು. ಎರಡನೆಯದನ್ನು ಗಾಳಿ ಒಯ್ದಿತು. ಮೂರನೆಯದು, ಎರಡು ವರ್ಷದಲ್ಲಿ ಒಮ್ಮೆಯೂ ಹೋಗದಷ್ಟು ನೆಟ್ಟಗೆ ಹೋಗಿ, ತೆಪ್ಪದ ಅಂಚು ದಾಟಿ ಅವಳ ಮಡಿಲಿಗೆ ಬಿತ್ತು.

"ಹಿಡಿ! ದಪ್ಪನ ದಾರ ಹಿಡಿ!"

"ತೆಪ್ಪ ಹಿಡೀಲ್ಯಾ, ದಾರ ಹಿಡೀಲ್ಯಾ? ನನಗ ಇರಾವು ಎರಡ ಕೈ!"

ಆದರೂ ಹಿಡಿದಳು. ಹಿಡಿದು ತೆಪ್ಪದೊಳಗಿನ ಅಡ್ಡಪಟ್ಟಿಗೆ ನಾಲ್ಕು ಸುತ್ತು ಸುತ್ತಿ, ನನಗಿಂತ ಗಟ್ಟಿಯಾಗಿ ಗಂಟು ಹಾಕಿದಳು. ನಾನು ಜೀವ ಬಿಟ್ಟು ಎಳೆಯಲು ಹೋದೆ. ಅಷ್ಟರಲ್ಲಿ ದುರುಗಪ್ಪ ಓಡಿ ಬರುತ್ತ ಕೂಗಿದ: "ಎಳೀಬ್ಯಾಡ್ರಿ ಸಾಹೇಬ್ರ, ಹರೀತೈತಿ! ಸುಮ್ನ ಹಿಡಕೊಂಡು ದಂಡಿಗುಂಟ ನಡೀರಿ. ಹೊಳಿನ ತಂದು ಕೊಡತೈತಿ."

ಸುಮ್ಮನೆ ಹಿಡಿದುಕೊಂಡು ನಡೆದೆ. ದಾರ ವೀಣೆಯ ತಂತಿಯಂತೆ ಬಿಗಿದಿತ್ತು. ಎಳೆಯಬಾರದು, ಬಿಡಲೂಬಾರದು. ನೂರು ಹೆಜ್ಜೆ ಹೋಗುವಷ್ಟರಲ್ಲಿ ಹೊಳೆ ತಾನಾಗಿಯೇ ತೆಪ್ಪವನ್ನು ದಡದ ಕಡೆ ತಿರುಗಿಸಿ ತಂದು ನಿಲ್ಲಿಸಿತು. ಎರಡು ವರ್ಷದ ಯಾವ ವಿಡಿಯೋದಲ್ಲೂ ಇದನ್ನು ಯಾರೂ ಹೇಳಿರಲಿಲ್ಲ.

ಸುಜಾತಾ ಇಳಿದಳು. ಅಪ್ಪಿಕೊಳ್ಳುತ್ತಾಳೇನೋ ಎಂದು ನಾನು ಎರಡು ಹೆಜ್ಜೆ ಮುಂದೆ ಹೋದೆ. "ತೆಪ್ಪ ಕಟ್ಟಿದಾವರು ಯಾರು?" ಎಂದು ಕೇಳಿದಳು. ದುರುಗಪ್ಪ ಆಕಾಶ ನೋಡಿದ. ನಾನು ಒಪ್ಪಿಕೊಂಡೆ. ಮನೆ ಮುಟ್ಟುವ ತನಕ ಅವಳು ಬೈಕಿನ ಹಿಂದೆ ಕೂತು ನನ್ನ ಅಂಗಿಯನ್ನು ಎಂದಿಗಿಂತ ಬಿಗಿಯಾಗಿ ಹಿಡಿದಿದ್ದಳು.

ನನ್ನ ಮೀನುಗಾರಿಕೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಂದಿನ ಭಾನುವಾರ ಅವಳೇ ಬೇಗ ಎದ್ದು ಬುತ್ತಿ ಕಟ್ಟಿದಳು. ಹೊಳೆಗೆ ಹೋದವಳೇ ದುರುಗಪ್ಪನಿಗೆ, "ಅಣ್ಣಾ, ಆ ಹುಟ್ಟು ನನಗ ಹಾಕಾದು ಕಲಿಸು. ಇನ್ನೊಂದು ಸಲ ಇವರನ್ನ ನಂಬ್ಕೊಂಡು ನಾ ಕುಂದ್ರಾಕಿ ಅಲ್ಲ" ಎಂದಳು. ಮೂರು ಭಾನುವಾರದಲ್ಲಿ ಕಲಿತೂ ಬಿಟ್ಟಳು. ಸುಳಿಯಲ್ಲಿ ತಿರುಗುವುದು, ಓರೆಗೆ ಹಾಯುವುದು ಎಲ್ಲ ಈಗ ಅವಳಿಗೆ ನೀರು ಕುಡಿದಷ್ಟು ಸುಲಭ. ನಾನು ಮಾತ್ರ ದಡದಲ್ಲಿ ಆ ಕಿತ್ತಳೆ ದಾರ ಹಿಡಿದು ನಿಲ್ಲುತ್ತೇನೆ. ಮೀನಿನ ಮೇಲೆ ನನಗೀಗ ಲಕ್ಷ್ಯವೇ ಇಲ್ಲ. ತೆಪ್ಪ ಎಷ್ಟು ದೂರ ಹೋಯಿತು, ಎಸೆದರೆ ದಾರ ಎಟುಕೀತೇ ಎಂದು ಕಣ್ಣಲ್ಲೇ ಅಳೆಯುವುದೇ ಕೆಲಸ.

ಮೊನ್ನೆ ಅವಳು ನಡುಹೊಳೆಯ ಕಡೆಗೆ ಸಾಗುತ್ತಿದ್ದಳು. ಕೈ ಬೀಸಿ ಕೂಗಿದೆ: "ಸಾಕು, ತಿರುಗು! ನನ್ನ ದಾರ ತೊಂಬತ್ತ ಅಡಿ ಐತಿ, ಮುಗೀತು!"

ಅವಳು ಹುಟ್ಟು ಹಾಕುವುದನ್ನು ನಿಲ್ಲಿಸದೆ ಅಲ್ಲಿಂದಲೇ ಕೂಗಿದಳು: "ನಿಮ್ಮ ದಾರ ಮುಗೀತಂದ್ರ ಹೊಳಿ ಮುಗೀತೇನ್ರಿ?"